ಉಡಿ ತುಂಬಿಸಿಕೊಂಡವರು ಔಟ್

ನನ್ನ ತಂಗಿಯ ಮಗಳು ಬೆಂಗಳೂರಿನ ಟೀವಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹೋಗುವ ಮುನ್ನ ನಮ್ಮೂರು ಸದಲಗಾಕ್ಕೆ ಬಂದು, ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತು, "ಮಾಮಾ, ನೀ ಇಷ್ಟ ವರ್ಷ ರಿಯಾಲಿಟಿ ಶೋದಾಗ ಇದ್ದಿ. ನಾ ಏನ್ ಕಲತ ಹೋಗ್ಲಿ, ಹೇಳ" ಅಂದಳು.

"ಪಾಯಖಾನಿ ಎಲ್ಲಿ ಕಟ್ಟಸಬೇಕು ಅನ್ನೂದು ಮೊದಲ ಕಲಿ" ಅಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಕಣ್ಣರಳಿಸಿಕೊಂಡು ಹೊರಟ ಉಳಿದವರಿಗೂ ಇದು ಉಪಯೋಗಕ್ಕೆ ಬರಬಹುದು. ಬರದಿದ್ದರೆ ನಗುವುದಕ್ಕಾದರೂ ಆಗುತ್ತದೆ.

ಪರದೆಯ ಮೇಲೆ ಒಂದು ಡಜನ್ ಜನ ಒಬ್ಬರನ್ನೊಬ್ಬರು ತುಳಿದು ಮೇಲೆ ಬರಲು ಹೆಣಗುತ್ತಿರುತ್ತಾರೆ. ಇವತ್ತು ಯಾರು ಹೊರಗೆ ಹೋಗುತ್ತಾರೋ ಎಂದು ನೀವು ಊಟದ ತಟ್ಟೆ ಹಿಡಿದು ಕೂತಿರುತ್ತೀರಿ. ಆ ಜನರಿಗೆ ಮಲಗುವ ಜಾಗ ಹುಡುಕುವವನು, ಅವರ ಸ್ನಾನಕ್ಕೆ ನೀರು ಕಾಯಿಸುವವನು, ಅವರು ಕ್ಯಾಮೆರಾ ಮುಂದೆ ಕಿರುಚಾಡುವಾಗ ಪಕ್ಕದ ಮನೆಯವರು ಗಾಬರಿಯಾಗಿ ಕೊಡಲಿ ಹಿಡಿದು ಓಡಿ ಬರದಂತೆ ನೋಡಿಕೊಳ್ಳುವವನು ಒಬ್ಬನಿರುತ್ತಾನೆ. ಅವನ ಹೆಸರು ಕೊನೆಗೆ ಸರ್ರನೆ ಓಡುವ ಅಕ್ಷರಗಳಲ್ಲಿ ಇರುತ್ತದೆ. ಅಷ್ಟು ಹೊತ್ತಿಗೆ ನೀವು ಕೈ ತೊಳೆಯಲು ಎದ್ದಿರುತ್ತೀರಿ. 'ಲೊಕೇಶನ್ ಮ್ಯಾನೇಜರ್: ಅಣ್ಣಾಸಾಬ ಚೌಗುಲೆ' ಎಂಬುದನ್ನು ಇಡೀ ಕರ್ನಾಟಕದಲ್ಲಿ ಪೂರ್ತಿಯಾಗಿ ಓದಿದವಳು ನನ್ನ ಹೆಂಡತಿ ಒಬ್ಬಳೇ.

ನಾನು ಶುರು ಮಾಡಿದ್ದು ನಿಪ್ಪಾಣಿಯಲ್ಲಿ, ಮದುವೆ ವಿಡಿಯೋ ತೆಗೆಯುವ ಅಂಗಡಿಯಿಂದ. ಆಗ ಕ್ಯಾಮೆರಾ ಹೆಗಲ ಮೇಲೆ ಕೂರುತ್ತಿತ್ತು, ಒಳಗೆ ದಪ್ಪ ಕ್ಯಾಸೆಟ್ಟು, ಹಿಂದೆ ಲೈಟು ಹಿಡಿಯಲು ಇನ್ನೊಬ್ಬ. ತಂಬಾಕಿನ ವ್ಯಾಪಾರಿಯೊಬ್ಬರ ಮಗಳ ಮದುವೆಯಲ್ಲಿ ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ ಯಾರೋ ವೈರು ಎಡವಿ ಲೈಟು ಆರಿತು. ಕತ್ತಲಲ್ಲಿ ಅಕ್ಷತೆ ಬಿತ್ತು, ವಾಲಗ ಮುಗಿಯಿತು, ಜನ ಊಟಕ್ಕೆ ಓಡಿದರು. ನಾನು ಧೈರ್ಯ ಮಾಡಿ ಭಟ್ಟರ ಬಳಿ ಹೋಗಿ, "ಇನ್ನೊಂದ ಸಲ ಅಕ್ಷತಿ ಹಾಕಸ್ರಿ, ಕ್ಯಾಮೆರಾದಾಗ ಬಂದಿಲ್ಲ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಕ್ಯಾಮೆರಾಕ್ಕ ಬೇಕಂತ ಈ ಹುಡುಗಿಗೆ ಎರಡ ಸಲ ಲಗ್ನಾ ಮಾಡ್ಲ್ಯಾ?" ಅಂದರು. ಮದುಮಗನ ಚಿಕ್ಕಪ್ಪ ಉಳಿದ ಅಕ್ಷತೆಯನ್ನೆಲ್ಲ ನನ್ನ ತಲೆಯ ಮೇಲೆ ಸುರಿದು, "ತುಗೋ, ನಿಂದೂ ಆತು" ಅಂದ. ಆಗಿಹೋದದ್ದನ್ನು ಕ್ಯಾಮೆರಾಕ್ಕಾಗಿ ಮತ್ತೊಮ್ಮೆ ಆಗಿಸಬಾರದು ಎಂದು ನಾನು ಅವತ್ತೇ ಕಲಿತೆ. ನನ್ನ ಮೇಲಿನವರು ಯಾರೂ ಕಲಿತಿರಲಿಲ್ಲ, ಅದಕ್ಕೇ ಅವರು ಮೇಲಿದ್ದರು.

ಮುಂದೆ ಪುಣೆ, ಹುಬ್ಬಳ್ಳಿ, ಬೆಂಗಳೂರು ಎಂದು ಸುತ್ತಿದ್ದನ್ನು ಬಿಟ್ಟುಬಿಡುತ್ತೇನೆ. ಕ್ಯಾಸೆಟ್ಟು ಹೋಗಿ ಉಗುರಿನಷ್ಟು ಕಾರ್ಡು ಬಂತು. ಲೈಟು ಹಿಡಿಯುವವನು ಹೋಗಿ ತಲೆಯ ಮೇಲೆ ಗುಂಯ್ ಎನ್ನುವ ಡ್ರೋನು ಬಂತು. ನಿರ್ದೇಶಕರು ಮಾತ್ರ ಬದಲಾಗಲಿಲ್ಲ. ಎಲ್ಲರಿಗೂ ಕೂಡಲೇ ಬೇಕು, ಮತ್ತೆ ಯಾರೂ ಮಾಡದ್ದು ಬೇಕು. ನಾನು ಹೇಳಹೊರಟಿರುವುದು ನನ್ನ ಕೊನೆಯ ಶೋ ಕತೆಯನ್ನು. ಅದರ ಹೆಸರು 'ಕಡೇತನಕ'.

ಅದರ ನಿರ್ದೇಶಕ ಪ್ರಣವ್, ಬೆಂಗಳೂರಿನ ಹುಡುಗ. ನನ್ನ ಅರ್ಧ ವಯಸ್ಸು, ಎರಡರಷ್ಟು ಗಂಟಲು. ಒಳ್ಳೆಯವನೇ, ಆದರೆ ಯಾರಾದರೂ ಅತ್ತರೆ ಅವನ ಮುಖ ಅರಳುತ್ತಿತ್ತು. "ಅಣ್ಣ, ಈ ಸಲ ಕಂಟೆಸ್ಟೆಂಟ್ಸ್‌ಗೆ ಕರುಣೆ ಅನ್ನೋದೇ ಇರಬಾರದು. ನಂಗೊಂದು ಹಳ್ಳಿ ಬೇಕು, ನದಿ ಬೇಕು, ಹಳೇ ಮನೆ ಬೇಕು. ಅಲ್ಲಿ ಇವ್ರನ್ನ ಬಿಟ್ಟು, ಒಬ್ಬೊಬ್ರನ್ನೇ ತೆಗೆದು ಎಸೀಬೇಕು" ಅಂದ. ನಾನು ಕೃಷ್ಣಾ ನದಿಯ ದಂಡೆಯ ಸತ್ತಿ ಎಂಬ ಹಳ್ಳಿಯಲ್ಲಿ ತಾರಾಬಾಯಿಯ ವಾಡೆ ತೋರಿಸಿದೆ. ತಾರಾಬಾಯಿ ನನಗೆ ದೂರದ ಸಂಬಂಧದಲ್ಲಿ ಅಕ್ಕನಾಗಬೇಕು. ಗಂಡ ತೋಟದಲ್ಲಿ, ಮಕ್ಕಳು ತಮ್ಮ ತಮ್ಮ ಸಂಸಾರದಲ್ಲಿ. ದೊಡ್ಡ ಅಂಗಳ, ದೊಡ್ಡ ಪಡಸಾಲೆ, ಹಿತ್ತಲಲ್ಲಿ ದನದ ಕೊಟ್ಟಿಗೆ. ಶೋ ಎಂದರೇನು ಎಂದು ವಿವರಿಸಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಅವರಿಗೆಲ್ಲಾ ಊಟಕ್ಕ ಹಾಕಾವ್ರ ಯಾರು?"

ಊಟದಿಂದಲೇ ಮೊದಲ ಜಗಳ ಶುರುವಾಯಿತು. ನಮ್ಮದು ಜೈನರ ಮನೆಗಳು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಬೆಂಗಳೂರಿನ ಯೂನಿಟ್ಟಿಗೆ ಆ ಹೊತ್ತಿನಲ್ಲಿ ಚಹಾದ ನೆನಪಾಗುತ್ತದೆ. ಮೊದಲ ದಿನ ಸಂಜೆ ತಾರಾಬಾಯಿ ಒಲೆ ಆರಿಸಿ, ಪಾತ್ರೆ ತೊಳೆದು ಮುಗಿಸಿದ ಎಷ್ಟೋ ಹೊತ್ತಿನ ಮೇಲೆ ಪ್ರಣವ್ "ಡಿನ್ನರ್ ರೆಡಿನಾ?" ಎಂದು ಬಂದ. ಆಕೆ, "ಇದ್ದಾಗ ಬರಲಿಲ್ಲ. ನಾಳೆ ಬೆಳಿಗ್ಗೆ ರೊಟ್ಟಿ ಐತಿ" ಅಂದಳು. ಅವನು ಬಿಸ್ಕಿಟ್ ತಿಂದು ಮಲಗಿದ. ಒಂದು ವಾರದೊಳಗೆ ಇಡೀ ಯೂನಿಟ್ಟು ಸೂರ್ಯನನ್ನು ನೋಡಿಕೊಂಡು ಓಡತೊಡಗಿತ್ತು. ಕ್ಯಾಮೆರಾದವರು ಬೆಳಕಿಗಾಗಿ ಅಷ್ಟು ಶ್ರದ್ಧೆಯಿಂದ ಪಶ್ಚಿಮಕ್ಕೆ ನೋಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಇನ್ನು ಸ್ಪರ್ಧಿಗಳು. ಎಲ್ಲರ ಹೆಸರೂ ಬೇಡ, ಇಬ್ಬರನ್ನು ನೆನಪಿಟ್ಟುಕೊಂಡರೆ ಸಾಕು. ಒಬ್ಬ ವಿಕ್ಕಿ, ಜಿಮ್ ನಡೆಸುವವನು, ಮೈ ತುಂಬ ಮಾಂಸಖಂಡ, ತಲೆ ತುಂಬ ಲೆಕ್ಕಾಚಾರ. ಯಾರನ್ನು ಯಾವ ವಾರ ಹೊರಗೆ ಹಾಕಬೇಕೆಂದು ಅವನೇ ಗುಟ್ಟಾಗಿ ಹೇಳುತ್ತಿದ್ದ, ಉಳಿದವರು ಹೆದರಿ ಹಾಗೇ ಮಾಡುತ್ತಿದ್ದರು. ಪ್ರಣವ್‌ಗೆ ಅವನೆಂದರೆ ಪ್ರಾಣ, ಅವನೇ ಗೆಲ್ಲುತ್ತಾನೆಂದು ಹಬ್ಬಕ್ಕೆ ಮೊದಲೇ ಸಿಹಿ ಹಂಚುವವರ ಹಾಗೆ ಓಡಾಡುತ್ತಿದ್ದ.

ಇನ್ನೊಬ್ಬಳು ಮೇಘನಾ, ಹಾಸನದ ಕಡೆಯ ಶಾಲೆಯಲ್ಲಿ ಆಟದ ಟೀಚರ್. ಈ ಮೊದಲು ಎರಡು ಶೋಗಳಿಗೆ ಹೋಗಿ ಎರಡರಲ್ಲೂ ಮೊದಲ ವಾರವೇ ಮನೆಗೆ ಬಂದವಳು. ಶಾಲೆಯ ಮಕ್ಕಳು ಅವಳನ್ನು 'ಒಂದ್ವಾರದ ಮಿಸ್ಸು' ಎನ್ನುತ್ತಿದ್ದರಂತೆ. ಅದೇ ಶಾಲೆಯಲ್ಲಿ ಓದುವ ಅವಳ ಮಗಳು ಒಮ್ಮೆ ಅಳುತ್ತಾ ಮನೆಗೆ ಬಂದು, "ಅಮ್ಮಾ, ನೀನು ಇನ್ನು ಎಲ್ಲಿಗೂ ಹೋಗ್ಬೇಡ" ಅಂದಿತ್ತಂತೆ. ಮೈಕು ಕಟ್ಟಿಸಿಕೊಳ್ಳುವಾಗ ಮೇಘನಾ ನನಗೆ ಹೇಳಿದಳು: "ಗೆಲ್ಲದೇ ಇದ್ರೂ ಪರವಾಗಿಲ್ಲ ಸಾರ್. ಈ ಸಲ ಕೊನೇ ದಿನದವರೆಗೂ ಇದ್ದು ಹೋಗ್ಬೇಕು. ನನ್ನ ಮಗಳು ಅದನ್ನ ನೋಡ್ಬೇಕು." ನಮ್ಮ ಕೆಲಸದಲ್ಲಿ ಯಾರ ಪರವೂ ಇರಬಾರದು. ನಾನು ಅಂದಿನಿಂದ ಅವಳ ಪರ ಇದ್ದೆ.

ಆಟದ ನಿಯಮ ಹೀಗಿತ್ತು. ಪ್ರತಿ ಶುಕ್ರವಾರ ಒಬ್ಬರು ಹೊರಗೆ. ಕೆಲವು ವಾರ ನೋಡುಗರ ಮತದಿಂದ, ಕೆಲವು ವಾರ ಸ್ಪರ್ಧಿಗಳೇ ಹಾಕುವ ಕಲ್ಲುಗಳಿಂದ. ಕೊಟ್ಟಿಗೆಯ ಪಕ್ಕದಲ್ಲಿ ಒಬ್ಬೊಬ್ಬರ ಹೆಸರಿನ ಒಂದೊಂದು ಗಡಿಗೆ. ಶುಕ್ರವಾರ ಸಂಜೆ ಪ್ರತಿಯೊಬ್ಬರೂ ಒಬ್ಬರೇ ಹೋಗಿ, ಕ್ಯಾಮೆರಾಕ್ಕೆ ಕಾರಣ ಹೇಳಿ, ತಮಗೆ ಬೇಡದವರ ಗಡಿಗೆಗೆ ಒಂದು ಕಲ್ಲು ಹಾಕಬೇಕು. ಕಲ್ಲು ಹಾಕುವುದು ಎಲ್ಲ ವಾರವೂ ಇತ್ತು, ಆದರೆ ಯಾವ ವಾರ ಅದಕ್ಕೆ ಬೆಲೆ ಇದೆ, ಯಾವ ವಾರ ಅದು ಬರೀ ತೋರಿಕೆ ಎಂಬುದು ಸ್ಪರ್ಧಿಗಳಿಗೆ ಗೊತ್ತಿರುತ್ತಿರಲಿಲ್ಲ. ಹೊರಬಿದ್ದವರು ಯಾರ ಜೊತೆಯೂ ಮಾತಾಡುವಂತಿಲ್ಲ. ಕಪ್ಪು ಪರದೆಯ ಕಾರು ಹಿತ್ತಲಿಗೆ ಬರುತ್ತದೆ, ಹತ್ತಿಸಿ ಕಳಿಸುವುದು. ಪ್ರಣವ್ ಹೇಳಿದ 'ಎಸೆಯುವುದು' ಎಂದರೆ ಅದೇ.

ಮೊದಲ ಶುಕ್ರವಾರ ಒಬ್ಬ ಹುಡುಗಿ ಹೊರಬಿದ್ದಳು. ಕಾರು ಹೊರಟಿತು, ಎರಡೇ ಮಾರು ಹೋಗಿ ನಿಂತಿತು. ಎದುರಿಗೆ ತಾರಾಬಾಯಿ ನಡು ಕಟ್ಟಿಕೊಂಡು ನಿಂತಿದ್ದಳು.

"ಅಕ್ಕಾ, ದಾರಿ ಬಿಡ" ಅಂದೆ.

"ಮದುವಿ ಆದ ಹೆಣ್ಮಗಳು ನನ್ನ ಮನ್ಯಾಗ ಒಂದ ವಾರ ಉಂಡಾಳ. ಬರೇ ಉಡೀಲೆ ಕಳಸಾಕತ್ತೀಯೇನ್? ನಿಮ್ಮವ್ವ ಇದನ್ನ ಕಲಸ್ಯಾಳೇನ್ ನಿನಗ?"

ನಮ್ಮವ್ವನ ಹೆಸರು ಬಂದ ಮೇಲೆ ನಾನು ಲೊಕೇಶನ್ ಮ್ಯಾನೇಜರ್ ಆಗಿ ಉಳಿಯುವುದು ಕಷ್ಟ. ವಾಕಿಟಾಕಿಯಲ್ಲಿ ಪ್ರಣವ್ "ಕಾರ್ ಯಾಕೆ ನಿಂತಿದೆ?" ಎಂದು ಕೂಗುತ್ತಿದ್ದ. ತಾರಾಬಾಯಿ ಆ ಹುಡುಗಿಯನ್ನು ಇಳಿಸಿ, ಮಣೆ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಉತ್ತತ್ತಿ, ಅರಿಶಿನ ಕೊಂಬು ಹಾಕಿ ಉಡಿ ತುಂಬಿದಳು. ವಾರವಿಡೀ ಕ್ಯಾಮೆರಾದ ಮುಂದೆ ಗಟ್ಟಿಗಿತ್ತಿಯ ಹಾಗಿದ್ದ ಆ ಹುಡುಗಿ ತಾರಾಬಾಯಿಯ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಕ್ಯಾಮೆರಾ ಇಲ್ಲದ ಜಾಗದಲ್ಲಿ ಅತ್ತಳಲ್ಲ ಎಂದು ಪ್ರಣವ್‌ಗೆ ಎರಡು ದಿನ ಸಂಕಟ.

ಕೊನೆಗೆ ಒಪ್ಪಂದವಾಯಿತು. ಹೆಂಗಸರಿಗೆ ಉಡಿ, ಗಂಡಸರಿಗೆ ಟವೆಲ್ಲು, ಟೋಪಿ, ತೆಂಗಿನಕಾಯಿ, ಎಲ್ಲವೂ ಕೊಟ್ಟಿಗೆಯ ಹಿಂದೆ, ಸದ್ದಿಲ್ಲದೆ, ಐದು ನಿಮಿಷದಲ್ಲಿ. ನೋಡುಗರ ಮತದ ವಾರವಾದರೆ ಮಧ್ಯಾಹ್ನವೇ ನನಗೆ ಹೆಸರು ಗೊತ್ತಾಗುತ್ತಿತ್ತು. ಹೆಸರು ಹೇಳದೆ, "ಅಕ್ಕಾ, ಇವತ್ತ ಉಡಿ ಐತಿ" ಅಂತಲೋ "ಇವತ್ತ ಟೋಪಿ ಐತಿ" ಅಂತಲೋ ಹೇಳಿ ಬರುತ್ತಿದ್ದೆ. ಆಕೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ತೆಂಗಿನಕಾಯಿ ಸುಲಿಯುತ್ತಿದ್ದಳು. ಕಲ್ಲಿನ ವಾರವಾದರೆ ಸಂಜೆ ಕಲ್ಲು ಬಿದ್ದ ಮೇಲೆ ಓಡಾಡಿ ಸಿದ್ಧಮಾಡುತ್ತಿದ್ದಳು. ಈ ಏರ್ಪಾಟಿನಲ್ಲಿ ಏನು ತಪ್ಪಿದೆ ಎಂದು ನನಗೂ ಹೊಳೆಯಲಿಲ್ಲ, ಪ್ರಣವ್‌ಗೂ ಹೊಳೆಯಲಿಲ್ಲ. ವಿಕ್ಕಿಗೆ ಮೂರನೇ ವಾರಕ್ಕೇ ಹೊಳೆದಿತ್ತು. ಕಲ್ಲು ಹಾಕುವ ಮೊದಲೇ ತಾರಾಬಾಯಿ ಕಾಯಿ ಸುಲಿದರೆ ತೀರ್ಮಾನ ಆಗಿಹೋಗಿದೆ, ಕಲ್ಲಿಗೆ ಬೆಲೆಯಿಲ್ಲ. ಅವನು ಇದನ್ನು ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಂಡು ಉಳಿದವರಿಗೆ ಹೇಳಿದ್ದ, ಮೈಕಿಗೆ ಕೇಳಿಸದ ಹಾಗೆ. ನನಗೆ ಇದು ತಿಳಿದದ್ದು ಆಮೇಲೆ.

ವಿಕ್ಕಿಯ ಬಗ್ಗೆ ಇನ್ನೊಂದು ಸಂಗತಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಂದು ವಾರ ಎಮ್ಮೆ ಹಾಲು ಹಿಂಡುವ ಸ್ಪರ್ಧೆ ಇಟ್ಟರು. ತಾರಾಬಾಯಿಯ ಎಮ್ಮೆ ಯಾರಿಗೂ ಒಂದು ಹನಿ ಬಿಡಲಿಲ್ಲ. ಪ್ರಣವ್ ನನ್ನನ್ನು ಕರೆದು, "ಅಣ್ಣ, ಈ ಎಮ್ಮೆ ಕೋಆಪರೇಟ್ ಮಾಡ್ತಿಲ್ಲ, ಬೇರೆ ತರಿಸಿ" ಅಂದ. ಹೊಸ ಜನರ ವಾಸನೆಗೆ ಎಮ್ಮೆ ಹಾಲು ಬಿಡುವುದಿಲ್ಲ, ನಮ್ಮ ಕಡೆ ಮನೆಯಾಕೆ ಊರಿಗೆ ಹೋದರೆ ಗಂಡ ಅವಳ ಸೀರೆ ಸುತ್ತಿಕೊಂಡು ಹಿಂಡಲು ಕೂರುತ್ತಾನೆ ಎಂದು ನಾನು ಮಾತಿಗೆ ಹೇಳಿದೆ. ಪ್ರಣವ್‌ನ ಕಣ್ಣು ಮಿಂಚಿತು. ಅರ್ಧ ತಾಸಿನಲ್ಲಿ ವಿಕ್ಕಿ ತಾರಾಬಾಯಿಯ ಹಸಿರು ಇಳಕಲ್ ಸೀರೆ ಸುತ್ತಿಕೊಂಡು, ತಲೆ ಮೇಲೆ ಸೆರಗು ಹೊದ್ದು, ಎಮ್ಮೆಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಅವನ ತೋಳು ಸೀರೆಯೊಳಗೆ ಹಿಡಿಸುತ್ತಿರಲಿಲ್ಲ. ಎಮ್ಮೆ ತಿರುಗಿ ಮೂಸಿತು, ಯೋಚಿಸಿತು, ಹಾಲು ಬಿಟ್ಟಿತು. ಚೊಂಬು ತುಂಬಿದಾಗ ಅವನ ಮುಖದಲ್ಲಿ ಬಂದ ಸಂತೋಷ ಇತ್ತಲ್ಲ, ಅದು ಲೆಕ್ಕಾಚಾರದ್ದಲ್ಲ. "ಆಂಟೀ, ಕೊಡ್ತು ಆಂಟೀ!" ಎಂದು ಕೂಗಿದ. ತಾರಾಬಾಯಿ, "ಸೆರಗ ಸರಿ ಮಾಡ್ಕೋ ಮಗನ, ಸಗಣ್ಯಾಗ ಬೀಳತೈತಿ" ಅಂದಳು.

ವಾರಗಳು ಉರುಳಿ ಕೊನೆಗೆ ನಾಲ್ವರು ಉಳಿದರು. ವಿಕ್ಕಿ, ಮೇಘನಾ, ನೃತ್ಯ ಮಾಡುವ ಸಂಧ್ಯಾ, ಹಾಡುವ ರೋಹಿತ್. ಈ ಶುಕ್ರವಾರ ದಾಟಿದ ಮೂವರು ಕೊನೆಯ ದಿನದವರೆಗೂ ಇರುತ್ತಾರೆ. ಅದು ಕಲ್ಲಿನ ವಾರ. ಮೇಘನಾಳ ಗಡಿಗೆಗೇ ಹಾಕುವುದೆಂದು ವಿಕ್ಕಿ ಉಳಿದಿಬ್ಬರಿಗೆ ಬುಧವಾರವೇ ಹೇಳಿದ್ದ. ಅದನ್ನು ಮೈಕಿನಲ್ಲಿ ನಾವೆಲ್ಲ ಕೇಳಿದ್ದೆವು. ನನಗೆ ಆ ದಿನ ರೊಟ್ಟಿ ರುಚಿಸಲಿಲ್ಲ. ಇಷ್ಟು ದೂರ ಬಂದು, ಬಾಗಿಲ ಹತ್ತಿರ ಹೋಗಿ, ಆ ತಾಯಿ ಮತ್ತೆ ಅದೇ ಶಾಲೆಗೆ ಅದೇ ಹೆಸರು ಹೊತ್ತುಕೊಂಡು ಹೋಗಬೇಕಲ್ಲ ಎಂದು ಅದೇ ಯೋಚನೆ.

ಶುಕ್ರವಾರ ಬೆಳಿಗ್ಗೆ ಜನರೇಟರ್ ಕೈಕೊಟ್ಟು ಕ್ಯಾಮೆರಾ, ಮಾನಿಟರ್ ಎಲ್ಲ ಬಂದಾದವು. ಮೆಕ್ಯಾನಿಕ್‌ನನ್ನು ಕರೆತರಲು ನಾನು ಅಥಣಿಗೆ ಹೋದೆ. ಮಧ್ಯಾಹ್ನ ತಿರುಗಿ ಬಂದು ನೋಡಿದರೆ ಪಡಸಾಲೆಯಲ್ಲಿ ಮೇಘನಾ ಬ್ಯಾಗು ಕಟ್ಟಿಟ್ಟುಕೊಂಡು ಕೂತಿದ್ದಾಳೆ. ಕಣ್ಣು ಕೆಂಪಾಗಿದೆ, ಹಣೆ ತುಂಬ ಕುಂಕುಮ, ಮಡಿಲಲ್ಲಿ ತೆಂಗಿನಕಾಯಿ.

"ನಾನು ಹೋಗ್ತಿದ್ದೀನಿ ಅಲ್ವಾ ಸಾರ್?" ಅಂದಳು.

ಯೂನಿಟ್ಟಿನವರು ಸ್ಪರ್ಧಿಗೆ ಹೌದು ಎನ್ನುವಂತಿಲ್ಲ, ಅಲ್ಲ ಎನ್ನುವಂತಿಲ್ಲ. ಸುಮ್ಮನೆ ಅಡುಗೆಮನೆಗೆ ಓಡಿದೆ. ತಾರಾಬಾಯಿ ಸಮಾಧಾನವಾಗಿ ಕಾಳು ಆರಿಸುತ್ತಿದ್ದಳು.

"ಅಕ್ಕಾ! ಯಾರ ಹೇಳಿದ್ರ ನಿನಗ ಉಡಿ ತುಂಬಂತ?"

"ಯಾರ ಹೇಳಬೇಕ? ನಿನ್ನಿ ರೊಟ್ಟಿ ಬಡಿಯೂ ಮುಂದ ಆ ಹುಡುಗಿ ಹೇಳ್ತು, ಅವರವ್ವ ಸತ್ತ ಮ್ಯಾಲ ತವರಮನಿ ಉಡೀನ ಕಂಡಿಲ್ಲಂತ. ಇವತ್ತ ಶುಕ್ರವಾರ, ಚಲೋ ದಿನಾ. ತುಂಬಿದೆ. ಭಾಳ ಅತ್ತಳಪಾ ಪಾಪ, ತಾಯಿ ನೆನಪಾಗಿ."

"ಎಲ್ಲಿ ತುಂಬಿದಿ?"

"ಪಡಸಾಲ್ಯಾಗ. ಹೊರಗ ಹೋಗಾವ್ರಿಗಿ ಕೊಟ್ಟಿಗಿ ಹಿಂದ ಅಂತ ನೀನ ಹೇಳಿದ್ದಿ. ಇಕಿ ಎಲ್ಲೂ ಹೋಗಾಕತ್ತಿಲ್ಲಲಾ?"

ತಾಯಿ ನೆನಪಾಗಿ ಅತ್ತಿರಲಿಲ್ಲ ಆಕೆ, ತಾನು ಹೊರಬಿದ್ದೆ ಎಂದು ತಿಳಿದು ಅತ್ತಿದ್ದಳು. ಉಳಿದ ಮೂವರೂ ಅಂಗಳದಿಂದ ಅದನ್ನು ನೋಡಿದ್ದರು. ಹೋಗಿ ನಿಜ ಹೇಳೋಣವೆಂದರೆ ನಿಯಮ ಮುರಿದಂತಾಗುತ್ತದೆ. ಹೇಳದಿದ್ದರೆ ಇವಳು ಸಂಜೆಯವರೆಗೆ ಅಳುತ್ತಾಳೆ, ಸಂಜೆ ಹೇಗೂ ಮೂರು ಕಲ್ಲು ಬೀಳುತ್ತವೆ. ಎರಡು ಸಲ ಹೊರಬೀಳುವ ಸಂಕಟ ಒಂದೇ ದಿನ. ನಾನು ಮಾನಿಟರ್ ಇದ್ದ ಕೋಣೆಯಲ್ಲಿ ಪ್ರಣವ್‌ನ ಪಕ್ಕ ಹೋಗಿ ಕೂತೆ.

ಸಂಜೆ ಕಲ್ಲು ಹಾಕುವುದು ಶುರುವಾಯಿತು. ಮೊದಲು ಸಂಧ್ಯಾ. ಅಷ್ಟು ವಾರ ಬಾಯಿ ಬಿಡದಿದ್ದ ಹುಡುಗಿ ಕ್ಯಾಮೆರಾದ ಮುಂದೆ ನಿಂತು, "ವಿಕ್ಕಿ, ನೀನು ನನ್ನ ಪಾಲಿನ ಬೆಲ್ಲ ತಿಂದಿದ್ದೀಯ, ನನ್ನ ಹಾಸಿಗೆ ತಗೊಂಡಿದ್ದೀಯ, ನಂಗೆ ಡ್ಯಾನ್ಸೇ ಬರಲ್ಲ ಅಂದಿದ್ದೀಯ" ಎಂದು ಒಂದೇ ಉಸಿರಿನಲ್ಲಿ ಬೈದು, ಕಲ್ಲನ್ನು ವಿಕ್ಕಿಯ ಗಡಿಗೆಗೆ ಎತ್ತಿ ಹಾಕಿದಳು. ಪ್ರಣವ್ ಬೆಚ್ಚಿದ. "ಮೇಘನಾಗೆ ಹಾಕ್ಬೇಕಿತ್ತಲ್ವಾ? ಇರ್ಲಿ ಬಿಡಿ, ಒಂದು ಕಲ್ಲು, ಡ್ರಾಮಾ ಚೆನ್ನಾಗಿದೆ." ನನಗೆ ಆಗ ಮೆಲ್ಲಗೆ ಅರ್ಥವಾಗತೊಡಗಿತು. ಮೇಘನಾ ಹೊರಬಿದ್ದದ್ದು ಖಾತ್ರಿ, ತನ್ನ ಕಲ್ಲಿಗೆ ಇವತ್ತು ಬೆಲೆಯಿಲ್ಲ ಎಂದು ಸಂಧ್ಯಾ ತಿಳಿದಿದ್ದಾಳೆ. ಬೆಲೆಯಿಲ್ಲದ ಕಲ್ಲಿನಿಂದ ಮನಸ್ಸು ಹಗುರ ಮಾಡಿಕೊಂಡಿದ್ದಾಳೆ.

ರೋಹಿತ್ ಬಂದ. ಅವನೂ ವಿಕ್ಕಿಗೇ ಹಾಕಿದ, ಕಾರಣವನ್ನು ಹಾಡಿ ಹೇಳಿದ. ಪ್ರಣವ್ ಎದ್ದು ನಿಂತ. ಮೇಘನಾ ಬಂದಳು. "ಹೇಗೂ ಹೋಗ್ತಿದ್ದೀನಿ, ಒಂದು ನಿಜ ಹೇಳಿ ಹೋಗ್ತೀನಿ. ವಿಕ್ಕಿ, ಎಲ್ಲರನ್ನೂ ಹೆದರಿಸೋದು ಆಟ ಅಲ್ಲಪ್ಪ, ನಮ್ಮ ಶಾಲೇಲಿ ಇದಕ್ಕೆ ಗ್ರೌಂಡ್ ಸುತ್ತಿಸ್ತೀವಿ" ಎಂದು ಕಲ್ಲು ಹಾಕಿ ಹೋದಳು. ಪ್ರಣವ್ ತಲೆ ಮೇಲೆ ಕೈ ಹೊತ್ತು ಕೂತ.

ಕೊನೆಗೆ ವಿಕ್ಕಿ. ಮೀಸೆ ತಿರುವಿಕೊಂಡೇ ಬಂದ. ಹೋಗುವವಳು ಹೋಗುತ್ತಾಳೆ, ನಾನೇಕೆ ಕೆಟ್ಟವನಾಗಲಿ ಎಂದು ಅವನು ಲೆಕ್ಕ ಹಾಕಿದ್ದ. ಕ್ಯಾಮೆರಾ ನೋಡಿ, ಗಂಟಲು ಭಾರ ಮಾಡಿಕೊಂಡು, "ಮೇಘನಾ ನನಗೆ ಸ್ವಂತ ಅಕ್ಕ ಇದ್ದ ಹಾಗೆ. ಒಡಹುಟ್ಟಿದವರ ಮೇಲೆ ಕಲ್ಲು ಹಾಕೋಕೆ ಈ ಕೈ ಬರಲ್ಲ. ಯಾರಾದ್ರೂ ಹೋಗ್ಲೇಬೇಕು ಅಂದ್ರೆ ನಾನೇ ಹೋಗ್ತೀನಿ!" ಎಂದು ಘೋಷಿಸಿ, ಕಲ್ಲನ್ನು ಎದೆಗೊತ್ತಿಕೊಂಡು, ತನ್ನ ಗಡಿಗೆಗೇ ಹಾಕಿಕೊಂಡ.

ನಾಲ್ಕೂ ಕಲ್ಲು ವಿಕ್ಕಿಯ ಗಡಿಗೆಯಲ್ಲೇ. ನಾನು ಬಾಯಿಗೆ ಟವೆಲ್ಲು ತುರುಕಿಕೊಂಡೆ.

"ಇದು ಆಗಲ್ಲ" ಎಂದು ಪ್ರಣವ್ ಚೀರಿದ. "ಮತ್ತೆ ಹಾಕಿಸಿ! ಎಲ್ಲರ ಹತ್ರಾನೂ ಮತ್ತೆ ಕಲ್ಲು ಹಾಕಿಸಿ! ಯಾರೋ ಲೀಕ್ ಮಾಡಿದ್ದಾರೆ. ಅಣ್ಣ, ಇದು ನಿಮ್ಮ ಕಡೆಯವರ ಕೆಲಸಾನೇ!"

ನಿವೃತ್ತಿಗೆ ನನಗೆ ಹೆಚ್ಚು ದಿನ ಉಳಿದಿರಲಿಲ್ಲ, ಆ ಧೈರ್ಯವೂ ಇತ್ತೆನ್ನಿ. "ಸರ್, ಮತ್ತ ಹಾಕಸಿದ್ರ ಅದು ಆಟ ಅಲ್ರಿ, ನಾಟಕ. ಹಾಕಸಾವ್ರ ನೀವು ಹಾಕಸ್ರಿ, ನಾ ಆ ಗಡಿಗಿ ಖಾಲಿ ಮಾಡಂಗಿಲ್ಲ" ಅಂದೆ. ಮೇಘನಾಳ ಉಡಿಯ ಸಂಗತಿಯನ್ನೂ ಹೇಳಿದೆ. ಅವನು ದಡದಡ ಅಡುಗೆಮನೆಗೆ ನಡೆದ. ನಾನು ಹಿಂದೆ ಓಡಿದೆ.

"ಏನಮ್ಮಾ ಇದು? ಹೊರಗೆ ಹೋಗದೇ ಇರೋರಿಗೆ ಯಾಕಮ್ಮಾ ಉಡಿ ತುಂಬಿದ್ರಿ?"

ತಾರಾಬಾಯಿ ಮೊರ ಕೆಳಗಿಟ್ಟಳು. "ಉಡಿ ತುಂಬೂದು ಹೊರಗ ಹಾಕಾಕ ಅಂತ ಯಾರಪಾ ಹೇಳಿದ್ರ ನಿನಗ? ಮತ್ತ ಬಾ ಮಗಳ ಅನ್ನಾಕ ತುಂಬತಾರ. ಹೊರಗ ಹಾಕಾವ್ರು ನೀವು. ನಾ ಒಬ್ಬರನ್ನೂ ಹಾಕಿಲ್ಲ."

ಪ್ರಣವ್ ವಾಪಸ್ ಹೋಗಿ ವಿಕ್ಕಿಯ ತ್ಯಾಗದ ದೃಶ್ಯವನ್ನು ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ಮೂರನೇ ಸಲ ನೋಡುವಾಗ ಅವನಿಗೇ ನಗು ತಡೆಯಲಾಗಲಿಲ್ಲ. "ಅಣ್ಣ, ಇಂಥದ್ದು ಬರೆದ್ರೂ ಬರಲ್ಲ ಕಣ್ರೀ. ಹಾಗೇ ಇರ್ಲಿ" ಅಂದ. ಆ ಮಾತಿಗಾಗಿ ಅವನ ಬಿಸ್ಕಿಟ್ಟಿನ ರಾತ್ರಿಯನ್ನೂ, ಚೀರಾಟಗಳನ್ನೂ ನಾನು ಮರೆತೆ.

ಫಲಿತಾಂಶ ಹೇಳಿದಾಗ ಮೇಘನಾ ಬ್ಯಾಗು ಹೆಗಲಿಗೇರಿಸಿ ಎದ್ದಿದ್ದಳು. ವಿಕ್ಕಿಯ ಹೆಸರು ಬಂದ ಮೇಲೂ ಎರಡು ಹೆಜ್ಜೆ ಬಾಗಿಲ ಕಡೆಗೆ ನಡೆದಳು. ಸಂಧ್ಯಾ ಅವಳ ಬ್ಯಾಗು ಹಿಡಿದೆಳೆದು ಕೂರಿಸಬೇಕಾಯಿತು. ವಿಕ್ಕಿ ಕೊಟ್ಟಿಗೆಯ ಹಿಂದೆ ಬಂದು ನೆಲದ ಮೇಲೆ ಕುಸಿದು ಕೂತ. ತಾರಾಬಾಯಿ ಟವೆಲ್ಲು ಹೊದಿಸಿ, ತಲೆಗೆ ಬಿಳಿ ಟೋಪಿ ಇಟ್ಟು, "ಹೊತ್ತ ಮುಳಗಾಕ ಬಂತು, ಉಂಡ ಹೋಗ. ಎದ್ದೇಳ" ಅಂದಳು. ಅವನು ಟೋಪಿ ಹಾಕಿಕೊಂಡೇ ಅಳುತ್ತಾ ಕೂತು, ಅಳುತ್ತಲೇ ಮೂರು ರೊಟ್ಟಿ ತಿಂದ. "ಆಂಟಿ, ನಿಮ್ಮ ಎಮ್ಮೆ ನಂಗೆ ಹಾಲು ಕೊಟ್ಟಿತ್ತು ಆಂಟಿ" ಅಂದ, ಅದೊಂದೇ ಸಾಕ್ಷಿ ಎಂಬಂತೆ. "ಕೊಟ್ಟೈತಿ, ನಾ ಎಲ್ಲಿ ಇಲ್ಲಂದೆ" ಎಂದು ಆಕೆ ಇನ್ನೊಂದು ರೊಟ್ಟಿ ಹಾಕಿದಳು.

ಮೇಘನಾ ಕೊನೆಯ ದಿನದವರೆಗೂ ಇದ್ದಳು. ಗೆದ್ದವಳು ಸಂಧ್ಯಾ, ಮೇಘನಾ ಎರಡನೆಯವಳು. ವೇದಿಕೆಗೆ ಮನೆಯವರನ್ನು ಕರೆಸಿದ್ದರು. ಆ ಪುಟ್ಟ ಮಗಳು ಓಡಿ ಬಂದು ತಾಯಿಯ ಸೊಂಟ ತಬ್ಬಿಕೊಂಡು, ಕ್ಯಾಮೆರಾದ ಕಡೆ ತಿರುಗಿ, ಶಾಲೆಯವರಿಗೆಲ್ಲ ಕಾಣಿಸಲಿ ಎಂಬಂತೆ ನಾಲಗೆ ಚಾಚಿತು. ಎಷ್ಟೋ ಶೋ ಮಾಡಿದ್ದೇನೆ, ಅಷ್ಟು ಸಂತೋಷ ನನಗೆ ಯಾವುದರಲ್ಲೂ ಆಗಿಲ್ಲ.

ಆಮೇಲೆ ನಾನು ನಿವೃತ್ತನಾಗಿ ಸದಲಗಾಕ್ಕೆ ಬಂದೆ. ಮುಂದೆ ನಾಗರಪಂಚಮಿ ಹಬ್ಬ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮರಕ್ಕೆ ಜೋಕಾಲಿ ಕಟ್ಟುತ್ತಾರೆ, ಉಂಡೆ ಮಾಡುತ್ತಾರೆ. ಹಬ್ಬ ಮುಗಿದು ನಾಲ್ಕಾರು ದಿನವಾಗಿತ್ತು. ತಾರಾಬಾಯಿಯ ಫೋನು ಬಂತು. ಹಿಂದೆ ಗದ್ದಲವೋ ಗದ್ದಲ.

"ಅಣ್ಣಾಸಾಬ, ನಿನ್ನ ಔಟ್ ಆದ ಮಂದಿ ಎಲ್ಲಾ ಇಲ್ಲೇ ಬಂದಾರ. ಮೇಘನಾ ಗಂಡನ್ನೂ ಮಗಳನ್ನೂ ಕರಕೊಂಡ ಬಂದಾಳ. ಮೊದಲನೇ ವಾರದಾಕಿ ಬಂದಾಳ, ಎರಡನೇ ವಾರದಾಕಿ ಬಂದಾಳ, ಉಡಿ ತುಂಬಿಸಿಕೊಂಡಾವ್ರು ಯಾರೂ ಉಳದಿಲ್ಲ."

"ಚಲೋ ಆತಲಾ ಅಕ್ಕಾ."

"ಚಲೋನ ಐತಿ. ಆ ವಿಕ್ಕಿನೂ ಬಂದಾನ. ಬಂದ ದಿನದಿಂದ ಜೋಕಾಲಿ ಮ್ಯಾಲಿಂದ ಇಳದಿಲ್ಲ, ಟೊಂಗಿ ಮುರದ ಬೀಳತೈತಿ. ಉಂಡಿ ಡಬ್ಬಿ ಖಾಲಿ ಆತು. ಹಬ್ಬಾ ಮುಗದ ಎಷ್ಟೋ ದಿನಾ ಆದ್ವು, ಒಬ್ಬರರೆ ಹೊಂಡ್ತೇನಿ ಅನ್ನವಲ್ರು."

"ನಾ ಏನ್ ಮಾಡ್ಲಿ ಅಕ್ಕಾ?"

ಆಕೆ ದನಿ ತಗ್ಗಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದಂತೆ ಕೇಳಿದಳು:

"ಮಂದೀನ ಹೊರಗ ಹಾಕೂದು ಹ್ಯಾಂಗ, ನಿಮ್ಮ ಪ್ರಣವ್ ಸಾಹೇಬ್ರನ್ನ ಒಂಚೂರ ಕೇಳಿ ಹೇಳ್ತಿ?"